ಕುದುರೆಗಳು ಹಡಗು ಹತ್ತಿದ ಕಡಲದಂಡೆ

ಗಲ್ಫ್ ಅಂದರೆ ನಮ್ಮ ಮನೆಗಳಲ್ಲಿ ದುಡಿಮೆಯ ಊರು. ಅಲ್ಲಿಂದ ಹಣ ಬರುತ್ತದೆ, ಅತ್ತರು ಬರುತ್ತದೆ, ಖರ್ಜೂರ, ಕಂಬಳಿ ಬರುತ್ತದೆ. ಎರಡು ವರ್ಷಕ್ಕೊಮ್ಮೆ ಮನುಷ್ಯನೂ ಬರುತ್ತಾನೆ. ಆದರೆ ಆ ನಾಡನ್ನು ಕಣ್ಣಾರೆ ನೋಡಿ ಬರಬೇಕೆಂದು ಹೋಗುವವರು ನಮ್ಮಲ್ಲಿ ಕಡಿಮೆ. ಅಲ್ಲೇ ಇರುವವರಿಗೂ ರೂಮು, ಅಂಗಡಿ, ಮಸೀದಿ ಈ ಮೂರರ ನಡುವೆಯೇ ವರ್ಷ ಕಳೆದು ಹೋಗುತ್ತದೆ. ಇಪ್ಪತ್ತು ವರ್ಷ ಮಸ್ಕತ್‌ನಲ್ಲಿ ಇದ್ದವರ ಹತ್ತಿರ ‘ಸಲಾಲ ನೋಡಿದ್ದೀರಾ?’ ಎಂದು ಕೇಳಿ ನೋಡಿ. ‘ಒಮ್ಮೆ ಹೋಗಬೇಕು ಅಂತ ಉಂಟು’ ಎನ್ನುವ ಉತ್ತರವೇ ಹೆಚ್ಚು.

ನಮ್ಮ ಭಾವನ ಉತ್ತರವೂ ಅದೇ ಆಗಿತ್ತು. ಹತ್ತೊಂಬತ್ತು ವರ್ಷ ಮಸ್ಕತ್‌ನ ರೂವಿಯಲ್ಲಿ ಅಂಗಡಿ ಕೆಲಸ ಮಾಡಿದ ಅವರು ಈ ಸಲ ಲೆಕ್ಕ ಮುಗಿಸಿ ಊರಿಗೆ ಮರಳುವುದೆಂದು ತೀರ್ಮಾನವಾಯಿತು. ‘ಬರುವ ಮೊದಲು ಮಕ್ಕಳಿಗೆ ಒಮ್ಮೆ ಆ ದೇಶ ತೋರಿಸಿ, ಇನ್ನು ನಾವು ಅಲ್ಲಿಗೆ ಹೋಗುವುದು ಯಾವಾಗ?’ ಎಂದು ಅಕ್ಕ ಹೇಳಿದಳು. ಹಾಗೆ ದಸರಾ ರಜೆಯಲ್ಲಿ ಅಕ್ಕ, ಅವಳ ಇಬ್ಬರು ಮಕ್ಕಳು ಮತ್ತು ನಾವು ವಿಸಿಟ್ ವೀಸಾದಲ್ಲಿ ಹೊರಟೆವು. ಮಸ್ಕತ್‌ನಲ್ಲಿ ಎರಡು ದಿನ. ಉಳಿದ ದಿನಗಳು ಒಮಾನ್‌ನ ದಕ್ಷಿಣದ ತುದಿ, ದೋಫಾರ್ ಪ್ರಾಂತ್ಯದ ತಾಕಾ ಮತ್ತು ಮಿರ್ಬಾತ್ ನಡುವಿನ ಒಂದು ಕಡಲತೀರದ ತೋಟದ ಮನೆಯಲ್ಲಿ.

ಈ ಬರಹ ಆ ಜಾಗದ ಬಗ್ಗೆ. ಅಲ್ಲಿ ಕುದುರೆ ಸವಾರಿ ಉಂಟು, ಎರಡು ಸಾವಿರ ವರ್ಷ ಹಳೆಯ ಬಂದರು ಉಂಟು. ಅಷ್ಟೇ ಅಲ್ಲ, ನಮ್ಮ ಕರಾವಳಿಗೂ ಆ ದಂಡೆಗೂ ನಡುವೆ ಹೆಚ್ಚಿನವರು ಕೇಳಿರದ ಹಳೆಯ ಸಂಬಂಧವೂ ಉಂಟು.

ಮರುಭೂಮಿ ದಾಟಿದರೆ ನಮ್ಮದೇ ಮಳೆ

ಮಸ್ಕತ್‌ನಿಂದ ಸಲಾಲಕ್ಕೆ ರಸ್ತೆಯಲ್ಲಿ ಸುಮಾರು 1,000 ಕಿಲೋಮೀಟರ್. ವಿಮಾನದಲ್ಲಿ ಒಂದೂವರೆ ಗಂಟೆ, ಬಸ್ಸಿನಲ್ಲಿ ಹನ್ನೆರಡು ಗಂಟೆ ಬೇಕು. ಹೋಗುವಾಗ ನಾವು ಬಸ್ಸನ್ನೇ ಆರಿಸಿದೆವು. ನಿಝ್ವಾ ದಾಟಿದ ಮೇಲೆ ಹೈಮಾ, ತುಮ್ರೈತ್ ತನಕ ಎರಡೂ ಬದಿಯಲ್ಲಿ ಒಂದು ಮರವೂ ಕಾಣದ ಬಯಲು. ಮಕ್ಕಳು ನಿದ್ದೆ ಮಾಡಿ ಎದ್ದರೂ ಅದೇ ಬಯಲು, ಮತ್ತೆ ನಿದ್ದೆ ಮಾಡಿ ಎದ್ದರೂ ಅದೇ. ತುಮ್ರೈತ್ ಕಳೆದು ಬೆಟ್ಟದ ಇಳಿಜಾರು ಶುರುವಾದಾಗ ಬಸ್ಸಿನಲ್ಲಿದ್ದವರೆಲ್ಲ ಒಮ್ಮೆಲೇ ಕಿಟಕಿ ಕಡೆ ವಾಲಿದರು. ಬೆಟ್ಟ ಹಸಿರು!

ಇದಕ್ಕೆ ಕಾರಣ ನಮ್ಮ ಊರಿಗೆ ಮಳೆ ತರುವ ಅದೇ ನೈರುತ್ಯ ಮಾರುತ. ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ ಅದು ದೋಫಾರ್‌ನ ಬೆಟ್ಟಗಳಿಗೂ ತಾಗುತ್ತದೆ. ನಮ್ಮಲ್ಲಿ ಸುರಿಯುವಂತೆ ಸುರಿಯುವುದಿಲ್ಲ. ಮಂಜು ಕವಿದು ಜಿಟಿಜಿಟಿ ಹನಿಯುತ್ತದೆ. ಈ ಕಾಲಕ್ಕೆ ಅಲ್ಲಿನವರು ‘ಖರೀಫ್’ ಎನ್ನುತ್ತಾರೆ. ಅರಬ್ ನಾಡಿನ ಉಳಿದ ಕಡೆ ಬಿಸಿಲಿಗೆ ನೆಲ ಕಾಯುವಾಗ ಇಲ್ಲಿ ಹುಲ್ಲು ಚಿಗುರುತ್ತದೆ, ವಾದಿ ದರ್ಬಾತ್‌ನಲ್ಲಿ ನೀರು ಧುಮ್ಮಿಕ್ಕುತ್ತದೆ. ಸುತ್ತಲಿನ ದೇಶಗಳ ಜನ ಮಳೆ ನೋಡಲಿಕ್ಕೆಂದೇ ಕಾರು ಮಾಡಿಕೊಂಡು ಬರುತ್ತಾರೆ. ಮಳೆಗಾಲವಿಡೀ ಕೊಡೆ ಹಿಡಿದು ಮದ್ರಸಕ್ಕೆ ಹೋಗುವ ನಮ್ಮ ಮಕ್ಕಳಿಗೆ ಇದು ತಮಾಷೆಯಾಗಿ ಕಂಡಿತು.

ಖರೀಫ್ ಮುಗಿದ ಮೇಲಿನ ಕಾಲಕ್ಕೆ ‘ಸರ್ಬ್’ ಎಂದು ಹೆಸರು. ಕಡಲು ತಣಿಯುತ್ತದೆ, ಮೀನುಗಾರರು ಮತ್ತೆ ದೋಣಿ ಇಳಿಸುತ್ತಾರೆ, ಬೆಟ್ಟದಲ್ಲಿ ಹಸಿರು ಇನ್ನೂ ಉಳಿದಿರುತ್ತದೆ. ನಾವು ಹೋದದ್ದು ಈ ಸಮಯದಲ್ಲಿ. ಕುಟುಂಬ ಸಮೇತ ಕಡಲತೀರದಲ್ಲಿ ತಂಗುವವರಿಗೆ ಇದೇ ಒಳ್ಳೆಯ ಕಾಲ. ಖರೀಫ್ ತಿಂಗಳುಗಳಲ್ಲಿ ಅಲ್ಲಿನ ಕಡಲೂ ನಮ್ಮ ಆಷಾಢದ ಕಡಲಿನಂತೆ, ನೀರಿಗೆ ಇಳಿಯುವ ಹಾಗಿಲ್ಲ.

ತೋಟದ ಮನೆ

ನಾವು ತಂಗಿದ್ದು ದೊಡ್ಡ ಹೋಟೆಲ್‌ನಲ್ಲಿ ಅಲ್ಲ. ಅಲ್ಲಿ ದಿನದ ಬಾಡಿಗೆಗೆ ಕೊಡುವ ತೋಟದ ಮನೆಗಳಿಗೆ ‘ಇಸ್ತಿರಾಹ’ ಎನ್ನುತ್ತಾರೆ. ಸುತ್ತ ಗೋಡೆ, ಎರಡು ಮಲಗುವ ಕೋಣೆ, ಅಡುಗೆ ಮನೆ, ನೆಲದ ಮೇಲೆ ದಿಂಬು ಹಾಸಿದ ಮಜ್ಲಿಸ್, ಹೊರಗೆ ನಾಲ್ಕಾರು ತೆಂಗು ಮತ್ತು ಪಪ್ಪಾಯಿ. ಗೋಡೆಯ ಆಚೆ ಕುದುರೆ ಲಾಯ. ಅದರಾಚೆ ಮರಳು, ಆಮೇಲೆ ಕಡಲು. ಅಕ್ಕ ಊರಿನಿಂದ ತಂದಿದ್ದ ಅಕ್ಕಿ ಹಿಟ್ಟಿನಲ್ಲಿ ಪತ್ತಿರ್ ತಟ್ಟಿದಳು. ಭಾವ ಬೆಳಿಗ್ಗೆ ದೋಣಿ ಬಂದಲ್ಲಿಗೆ ಹೋಗಿ ಮೀನು ತಂದರು. ಅಡುಗೆ ನಾವೇ ಮಾಡಿಕೊಂಡದ್ದರಿಂದ ಖರ್ಚು ಅರ್ಧಕ್ಕೆ ಇಳಿಯಿತು.

ತಾಕಾ, ಮಿರ್ಬಾತ್ ಕಡೆಯ ಮರಳಿನಲ್ಲಿ ಬೂತಾಯಿ ಒಣಗಿಸುವುದುಂಟು. ಒಣಗಿದ ಬೂತಾಯಿ ಮನುಷ್ಯರಿಗಿಂತ ಹೆಚ್ಚಾಗಿ ಒಂಟೆ, ದನಗಳಿಗೆ ಮೇವು. 14ನೇ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಪ್ರವಾಸಿ ಇಬ್ನ್ ಬತೂತ ಕೂಡ ಇದನ್ನೇ ಬರೆದಿದ್ದಾರೆ, ಈ ಊರಿನ ಪ್ರಾಣಿಗಳ ಮೇವು ಸಣ್ಣ ಮೀನು ಎಂದು. ತೆಂಗು ಮತ್ತು ವೀಳ್ಯದೆಲೆ ಇಲ್ಲಿ ಬೆಳೆಯುವುದನ್ನೂ, ಇಲ್ಲಿನ ಜನ ಹಿಂದೂಸ್ತಾನದಿಂದ ಬರುವ ಅಕ್ಕಿ ಉಣ್ಣುವುದನ್ನೂ ಅವರು ದಾಖಲಿಸಿದ್ದಾರೆ. ಸಲಾಲದ ರಸ್ತೆ ಬದಿಯಲ್ಲಿ ಇವತ್ತಿಗೂ ಬೊಂಡ, ಬಾಳೆಹಣ್ಣು, ಪಪ್ಪಾಯಿಯ ಸಾಲು ಅಂಗಡಿಗಳುಂಟು. ಹಿಂದೆ ತೆಂಗಿನ ತೋಟ, ಮುಂದೆ ಅಂಗಡಿ. ಉಳ್ಳಾಲದ ಕಡೆಯ ಯಾವುದೋ ತಿರುವಿನಲ್ಲಿ ನಿಂತ ಹಾಗೆ ಆಗುತ್ತದೆ.

ಲಗಾಮು ಹಿಡಿದವರು

ಲಾಯದಲ್ಲಿ ಐದು ಕುದುರೆಗಳಿದ್ದವು. ನೋಡಿಕೊಳ್ಳುವ ಹುಡುಗ ರಾಜಸ್ಥಾನದವನು. ಹಿಂದಿಯಲ್ಲಿ ಮಾತಾಡಿದ್ದರಿಂದ ನಮಗೆ ಸುಲಭವಾಯಿತು. ಬೆಳಿಗ್ಗೆ ಫಜ್ರ್ ಮುಗಿದ ಮೇಲೆ ಒಮ್ಮೆ, ಅಸರ್ ಕಳೆದು ಒಮ್ಮೆ, ದಿನಕ್ಕೆ ಎರಡು ಹೊತ್ತು ಮಾತ್ರ ಸವಾರಿ. ನಡು ಹಗಲಿನಲ್ಲಿ ಎಷ್ಟು ಹಣ ಕೊಟ್ಟರೂ ಕುದುರೆ ಹೊರಗೆ ತೆಗೆಯುವುದಿಲ್ಲ ಎಂದು ಅವನು ಮೊದಲೇ ಹೇಳಿದ. ಆ ಮಾತಿನಿಂದಲೇ ನಮಗೆ ಅವನ ಮೇಲೆ ವಿಶ್ವಾಸ ಬಂತು.

ಮದ್ರಸದಲ್ಲಿ ನಮ್ಮ ಮಕ್ಕಳು ಸೂರತುಲ್ ಆದಿಯಾತ್ ಬಾಯಿಪಾಠ ಮಾಡುತ್ತಾರೆ. ಓಡುವ ಕುದುರೆಗಳ ಮೇಲೆ ಆಣೆಯಿಟ್ಟು ಶುರುವಾಗುವ ಹನ್ನೊಂದು ಆಯತ್‌ಗಳ ಸಣ್ಣ ಸೂರಃ. ಎಷ್ಟು ವರ್ಷದಿಂದ ನಾವು ಅದನ್ನು ಕಲಿಸುತ್ತಿದ್ದೇವೆ. ಆದರೆ ಏದುಸಿರು ಬಿಡುತ್ತಾ ಓಡಿ ಬಂದ ಕುದುರೆಯ ಪಕ್ಕ ನಿಂತು, ಅದರ ಪಕ್ಕೆ ಏರಿಳಿಯುವುದನ್ನು ನೋಡಿದ ಮಕ್ಕಳು ನಮ್ಮ ತರಗತಿಯಲ್ಲಿ ಎಷ್ಟು ಮಂದಿ? ಭಾವನ ದೊಡ್ಡ ಮಗ ಹದಿನಾಲ್ಕರವನು. ಒಂದು ಸುತ್ತು ಓಡಿಸಿ ತಂದ ಕುದುರೆಯ ಮೂಗಿನ ಹತ್ತಿರ ಕೈ ಹಿಡಿದು, ‘ಮಾಮ, ಇದರ ಉಸಿರು ಬೆಂಕಿಯ ಹಾಗೆ ಉಂಟು’ ಎಂದ. ಆ ಸೂರಃವನ್ನು ಅವನು ಇನ್ನು ಮರೆಯಲಿಕ್ಕಿಲ್ಲ.

ಸಣ್ಣವಳಿಗೆ ಒಂಬತ್ತು ವರ್ಷ. ಅವಳು ಹುಟ್ಟಿದ ಮೇಲೆ ಭಾವ ಊರಿನಲ್ಲಿ ಇದ್ದ ದಿನಗಳನ್ನೆಲ್ಲ ಕೂಡಿಸಿದರೆ ಒಂದು ವರ್ಷ ಆಗಲಿಕ್ಕಿಲ್ಲ. ಮಸ್ಕತ್‌ಗೆ ಬಂದಿಳಿದಾಗಿನಿಂದ ಅವಳಿಗೆ ಉಪ್ಪನ ಹತ್ತಿರ ಮಾತಾಡಲಿಕ್ಕೆ ಸಂಕೋಚ. ಏನು ಬೇಕಾದರೂ ಉಮ್ಮನ ಕಿವಿಯಲ್ಲಿ ಹೇಳುವುದು, ಉಮ್ಮ ಅದನ್ನು ಉಪ್ಪನಿಗೆ ಹೇಳುವುದು. ಫೋನಿನಲ್ಲಿ ದಿನಾ ಮುಖ ನೋಡಿ ಮಾತಾಡುತ್ತಿದ್ದ ಮಗು, ಎದುರು ಕೂತಾಗ ಬಾಯಿ ಬಿಡುವುದಿಲ್ಲ. ಭಾವ ಏನೂ ಹೇಳಲಿಲ್ಲ. ಗಲ್ಫ್‌ನಲ್ಲಿ ಇದ್ದವರ ಮನೆಯಲ್ಲಿ ಇದು ಹೊಸತಲ್ಲ, ಎಷ್ಟೋ ಮನೆಯವರು ನೋಡಿದ್ದೇ.

ಎರಡನೇ ದಿನ ಅಸರ್ ನಂತರ ಅವಳನ್ನು ಕುದುರೆ ಮೇಲೆ ಕೂರಿಸಿದರು. ಬೂದು ಬಣ್ಣದ, ವಯಸ್ಸಾದ, ಸಾಧು ಹೆಣ್ಣು ಕುದುರೆ. ಲಾಯದ ಹುಡುಗ ಹಗ್ಗ ಹಿಡಿಯಲಿಕ್ಕೆ ಬಂದಾಗ ಅವಳು ಹೆದರಿ ಅಳು ಶುರು ಮಾಡಿದಳು. ‘ಉಪ್ಪ ಹಿಡೀಲಿ’ ಎಂದಳು. ಭಾವ ಜೀವಮಾನದಲ್ಲಿ ಕುದುರೆ ಮುಟ್ಟಿದವರಲ್ಲ. ಹುಡುಗ ಅವರಿಗೆ ಹಗ್ಗ ಹೇಗೆ ಹಿಡಿಯಬೇಕು, ಕುದುರೆಯ ಎಡಬದಿಯಲ್ಲಿ ಹೇಗೆ ನಡೆಯಬೇಕು ಎಂದು ತೋರಿಸಿಕೊಟ್ಟ. ಪ್ಯಾಂಟು ಮಡಚಿಕೊಂಡು ಒದ್ದೆ ಮರಳಿನಲ್ಲಿ ಅವರು ನಡೆದರು. ಮಗಳು ಮೇಲಿನಿಂದ ‘ಉಪ್ಪಾ, ಮೆಲ್ಲ... ಉಪ್ಪಾ, ಆ ಕಡೆ... ಉಪ್ಪಾ, ಇನ್ನೂ ಸ್ವಲ್ಪ ದೂರ’ ಎಂದು ಹೇಳುತ್ತಲೇ ಇದ್ದಳು. ಮಗ್ರಿಬ್‌ಗೆ ಹೊತ್ತಾಗುವ ತನಕ ಅವರು ನಡೆದರು. ಅಕ್ಕ ದೂರದಲ್ಲಿ ಕೂತು ನೋಡುತ್ತಾ ಇದ್ದಳು, ಫೋಟೋ ತೆಗೆಯಲಿಕ್ಕೂ ಏಳಲಿಲ್ಲ.

ಸುಮ್ಹುರಮ್: ಮಡಕೆ ಚೂರು ಹೇಳುವ ಕಥೆ

ಮೂರನೇ ದಿನ ಹಳೆಯ ಜಾಗಗಳಿಗೆ ಮೀಸಲು. ಸಲಾಲದಿಂದ ಪೂರ್ವಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಖೋರ್ ರೋರಿ ಎಂಬ ಹಿನ್ನೀರು ಉಂಟು. ಅದರ ದಡದ ದಿಣ್ಣೆಯ ಮೇಲೆ ಸುಮ್ಹುರಮ್ ಎಂಬ ಕೋಟೆ ಪಟ್ಟಣದ ಅವಶೇಷ. ಕ್ರಿಸ್ತಪೂರ್ವ 3ನೇ ಶತಮಾನದಿಂದ ಕ್ರಿಸ್ತಶಕ 5ನೇ ಶತಮಾನದ ತನಕ ಇಲ್ಲಿ ಜನ ಇದ್ದರು. ದಪ್ಪ ಕಲ್ಲಿನ ಗೋಡೆ, ನೇರ ನುಗ್ಗಲು ಆಗದಂತೆ ತಿರುವಿರುವ ಬಾಗಿಲು, ಬಾಗಿಲ ಕಲ್ಲಿನಲ್ಲಿ ಹಳೆಯ ದಕ್ಷಿಣ ಅರೇಬಿಯದ ಲಿಪಿ, ಒಳಗೆ ಬಾವಿ, ಉಗ್ರಾಣಗಳು. ಕಡಲ ಬಾಯಿಗೆ ಮರಳು ಕೂತು ಮುಚ್ಚಿಕೊಂಡ ಮೇಲೆ ಹಡಗು ಒಳಗೆ ಬರುವಂತಿಲ್ಲವಾಯಿತು. ಈಗ ಹಿನ್ನೀರಿನ ದಡದಲ್ಲಿ ಒಂಟೆಗಳು ಮೇಯುತ್ತಿರುತ್ತವೆ.

ಈ ಬಂದರು ಹುಟ್ಟಿದ್ದೇ ಲುಬಾನ್‌ಗಾಗಿ. ನಾವು ಮನೆಯಲ್ಲಿ ಗುರುವಾರ ರಾತ್ರಿ, ಮೌಲಿದ್‌ಗೆ ಹೊಗೆ ಹಾಕುವ ಸಾಂಬ್ರಾಣಿ, ಲೋಬಾನಗಳಂತಹ ಒಂದು ಧೂಪ ಅದು. ಬೆಟ್ಟದ ಹಿಂದೆ, ಖರೀಫ್ ಮಂಜು ತಲುಪದ ಒಣ ನೆಲದಲ್ಲಿ ಇದರ ಮರ ಬೆಳೆಯುತ್ತದೆ. ತೊಗಟೆಯನ್ನು ಸ್ವಲ್ಪ ಕೆತ್ತಿ ಬಿಟ್ಟರೆ ಹಾಲಿನಂಥ ಅಂಟು ಒಸರಿ ಗಟ್ಟಿಯಾಗುತ್ತದೆ, ಕೆಲವು ದಿನದ ಮೇಲೆ ಬಿಡಿಸಿ ತೆಗೆಯುತ್ತಾರೆ. ಒಂದು ಕಾಲದಲ್ಲಿ ರೋಮ್ ತನಕ ಇದಕ್ಕೆ ಬೇಡಿಕೆ ಇತ್ತು. ಮರಗಳಿರುವ ವಾದಿ ದೌಕಾ, ಖೋರ್ ರೋರಿ, ಸಲಾಲದ ಅಲ್ ಬಲೀದ್, ಮರುಭೂಮಿಯ ಶಿಸ್ರ್, ಈ ನಾಲ್ಕು ಜಾಗಗಳನ್ನು ಯುನೆಸ್ಕೊ 2000ನೇ ಇಸವಿಯಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ಕಡೆಯವರಿಗೆ ಮುಖ್ಯವಾದ ಮಾತು ಇನ್ನೊಂದು ಉಂಟು. ಸುಮ್ಹುರಮ್‌ನ ಅಗೆತದಲ್ಲಿ ಭಾರತದ ಕಂಚಿನ ಸಣ್ಣ ಪ್ರತಿಮೆಯೊಂದು ಸಿಕ್ಕಿದೆ. ತಮಿಳು ಬ್ರಾಹ್ಮಿ ಲಿಪಿಯಲ್ಲಿ ಒಬ್ಬನ ಹೆಸರು ಗೀರಿದ ಮಡಕೆ ಚೂರು ಸಿಕ್ಕಿದೆ. ಎರಡು ಸಾವಿರ ವರ್ಷದ ಹಿಂದಿನ ಗ್ರೀಕ್ ನಾವಿಕನೊಬ್ಬನ ಕೈಪಿಡಿಯಲ್ಲಿ, ಹಿಂದೂಸ್ತಾನದ ಪಶ್ಚಿಮ ಕರಾವಳಿಯಿಂದ ಮರಳುವ ಹಡಗುಗಳು ಕಾಲ ತಪ್ಪಿದರೆ ಇಲ್ಲೇ ತಂಗುತ್ತಿದ್ದವು, ಬಟ್ಟೆ, ಗೋಧಿ, ಎಳ್ಳೆಣ್ಣೆ ಕೊಟ್ಟು ಲುಬಾನ್ ಒಯ್ಯುತ್ತಿದ್ದವು ಎಂದಿದೆ. ಅಂದರೆ ಗಾಳಿಗಾಗಿ ತಿಂಗಳುಗಟ್ಟಲೆ ಕಾದು, ಮನೆಯಿಂದ ದೂರ ಈ ದಂಡೆಯಲ್ಲಿ ದಿನ ಎಣಿಸಿದ ನಮ್ಮ ಕಡೆಯವರು ಆಗಲೂ ಇದ್ದರು. ಮಡಕೆಯಲ್ಲಿ ತನ್ನ ಹೆಸರು ಗೀರಿದವನು ಅಂಥವನೊಬ್ಬ ಇರಬಹುದು. ಭಾವ ಆ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತರು. ‘ಆಗ ವಿಮಾನ ಇರಲಿಲ್ಲ, ಗಾಳಿ ಇತ್ತು. ಕಾಯುವುದು ಮಾತ್ರ ಒಂದೇ’ ಎಂದರು.

ಕುದುರೆ ಹೋದ ದಾರಿ

ಸಲಾಲ ಪಟ್ಟಣದ ಕಡಲಬದಿಯಲ್ಲೇ ಅಲ್ ಬಲೀದ್ ಉಂಟು. ಹಳೆಯ ಝಫಾರ್ ಪಟ್ಟಣ ಇದೇ. ನೂರಕ್ಕೂ ಹೆಚ್ಚು ಕಂಬಗಳಿದ್ದ ದೊಡ್ಡ ಜುಮಾ ಮಸೀದಿಯ ಅಡಿಪಾಯ ಮತ್ತು ಕಂಬದ ಬುಡಗಳು ಇನ್ನೂ ಕಾಣಸಿಗುತ್ತವೆ. ಪಕ್ಕದಲ್ಲಿ ಒಳ್ಳೆಯ ಮ್ಯೂಸಿಯಂ ಉಂಟು, ಮಕ್ಕಳಿಗೆ ಅಲ್ಲಿನ ಹಡಗುಗಳ ವಿಭಾಗವನ್ನು ತಪ್ಪದೆ ತೋರಿಸಿ.

ಲುಬಾನ್ ನಂತರ ಈ ದಂಡೆಯ ದೊಡ್ಡ ವ್ಯಾಪಾರ ಕುದುರೆ. ಮಾರ್ಕೊ ಪೋಲೊ, ಇಬ್ನ್ ಬತೂತ ಇಬ್ಬರೂ ಇಲ್ಲಿಂದ ಹಿಂದೂಸ್ತಾನಕ್ಕೆ ಉತ್ತಮ ಕುದುರೆಗಳು ಹೋಗುತ್ತಿದ್ದುದನ್ನು ಬರೆದಿದ್ದಾರೆ. ಗಾಳಿ ಸರಿಯಾಗಿದ್ದರೆ ಒಂದು ತಿಂಗಳ ದಾರಿ. ಇಬ್ನ್ ಬತೂತ ತಾನು ಕಲ್ಲಿಕೋಟೆಯಿಂದ ಝಫಾರ್‌ಗೆ 28 ದಿನದಲ್ಲಿ ತಲುಪಿದ ಲೆಕ್ಕ ಕೊಟ್ಟಿದ್ದಾರೆ. ಆಮೇಲೆ ವಿಜಯನಗರದ ಅರಸರಿಗೆ ಅರಬ್ಬೀ ಕುದುರೆ ಇಲ್ಲದೆ ಸೈನ್ಯವೇ ಇಲ್ಲ ಎಂಬ ಸ್ಥಿತಿ. ಭಟ್ಕಳ, ಗೋವೆಯಂಥ ಬಂದರುಗಳು ಬೆಳೆದದ್ದರಲ್ಲಿ ಕುದುರೆ ವ್ಯಾಪಾರದ ಪಾಲು ದೊಡ್ಡದು. 1510ರಲ್ಲಿ ಪೋರ್ಚುಗೀಸರು ಗೋವೆ ಹಿಡಿದು ಮೊದಲು ಕೈಹಾಕಿದ ವ್ಯಾಪಾರಗಳಲ್ಲಿ ಇದೂ ಒಂದು.

ಆ ಕುದುರೆಗಳ ಪಾಡು ಹೇಗಿತ್ತು? ತಮಿಳು ಕರಾವಳಿಯಲ್ಲಿ ವರ್ಷಕ್ಕೆ ತರಿಸಿದ ಕುದುರೆಗಳಲ್ಲಿ ಹೆಚ್ಚಿನವು ಸಾಯುತ್ತಿದ್ದವು, ಅವುಗಳ ಆರೈಕೆ ಗೊತ್ತಿದ್ದವರು ಅಲ್ಲಿರಲಿಲ್ಲ, ಬೇಯಿಸಿದ ಅನ್ನ ತಿನ್ನಿಸುತ್ತಿದ್ದರು ಎಂದು ಮಾರ್ಕೊ ಪೋಲೊ ಹೇಳುತ್ತಾರೆ. ಸತ್ತಷ್ಟೂ ಮತ್ತೆ ಕೊಳ್ಳಬೇಕು, ಹಾಗಾಗಿ ಕುದುರೆಯ ವೈದ್ಯರು ಅಲ್ಲಿಗೆ ಹೋಗದಂತೆ ವ್ಯಾಪಾರಿಗಳೇ ನೋಡಿಕೊಳ್ಳುತ್ತಿದ್ದರು ಎಂದೂ ಅವರು ದೂರುತ್ತಾರೆ. ಹೀಗೆ ಲಾಭದ ಕಥೆಯ ಜೊತೆಗೆ ಮೂಕ ಪ್ರಾಣಿಯ ನೋವಿನ ಕಥೆಯೂ ಉಂಟು.

ಹಡಗಿನಲ್ಲಿ ಹೋದದ್ದು ಕುದುರೆ ಮಾತ್ರ ಅಲ್ಲ. ಇಬ್ನ್ ಬತೂತ ‘ಮಂಜರೂರ್’ ಎಂದು ಬರೆದ ನಮ್ಮ ಮಂಗಳೂರಿನಲ್ಲಿ ಯಮನ್ ಮತ್ತು ಪರ್ಶಿಯಾದ ವ್ಯಾಪಾರಿಗಳಿದ್ದರು, ಸುಮಾರು 4,000 ಮುಸ್ಲಿಮರು ವಾಸವಿದ್ದರು, ಶಾಫಿ ಮದ್‌ಹಬ್‌ನ ಖಾಝಿ ಇದ್ದರು. ಹೊನ್ನಾವರದಲ್ಲಿ ಗಂಡು ಮಕ್ಕಳಿಗೆ 23, ಹೆಣ್ಣು ಮಕ್ಕಳಿಗೆ 13 ಶಾಲೆಗಳನ್ನು ಅವರು ಕಂಡರು. ದೋಫಾರ್‌ನ ಜನ ಇವತ್ತಿಗೂ ಹೆಚ್ಚಾಗಿ ಶಾಫಿಗಳು. ತಾಕಾದ ಮಸೀದಿಯಲ್ಲಿ ಫಜ್ರ್‌ಗೆ ಇಮಾಮರು ಖುನೂತ್ ಓದಿದಾಗ ಭಾವನ ಮಗ ನಮ್ಮ ಕಡೆ ತಿರುಗಿ ನೋಡಿ ನಕ್ಕ. ‘ಊರಿನ ಹಾಗೇ’ ಎಂಬ ನಗು.

ಮಿರ್ಬಾತ್‌ನ ಬಿಳಿ ಗುಮ್ಮಟ

ಸಲಾಲದಿಂದ ಸುಮಾರು 70 ಕಿಲೋಮೀಟರ್ ದೂರದ ಮಿರ್ಬಾತ್‌ಗೆ ಕುದುರೆ ಕಟ್ಟುವ ಜಾಗ ಎಂಬ ಅರ್ಥದಿಂದ ಆ ಹೆಸರು ಬಂತೆಂದು ಹೇಳುತ್ತಾರೆ. ವ್ಯಾಪಾರಿಗಳ ಹಳೆಯ ಮನೆಗಳು ಮರದ ಕೆತ್ತನೆಯ ಕಿಟಕಿಗಳೊಂದಿಗೆ ಅಲ್ಲಲ್ಲಿ ನಿಂತಿವೆ. ಕೆಲವಂತೂ ಬಿದ್ದಿವೆ. ಊರ ಹೊರಗೆ ಕಬರಸ್ಥಾನದ ನಡುವೆ ಎರಡು ಬಿಳಿ ಗುಮ್ಮಟಗಳ ಸಣ್ಣ ಮಖ್ಬರಾ ಉಂಟು. ಹಿಜ್ರಿ 556ರಲ್ಲಿ ವಫಾತ್ ಆದ ಮುಹಮ್ಮದ್ ಬಿನ್ ಅಲಿ ಅವರದ್ದು. ‘ಸಾಹಿಬ್ ಮಿರ್ಬಾತ್’ ಎಂದು ಪ್ರಸಿದ್ಧರು.

ನಮ್ಮ ಊರುಗಳ ತಂಙಳ್ ಮನೆತನಗಳಲ್ಲಿ ಹಲವು ಬಾ ಅಲವಿ ಸಯ್ಯಿದರ ಪರಂಪರೆಯವು. ಆ ಪರಂಪರೆಯ ಎರಡು ದೊಡ್ಡ ಕವಲುಗಳೂ ಇವರ ಮಕ್ಕಳಿಂದಲೇ ಬಂದವು. ಹಳ್ಳಿಯ ನಿಕಾಹ್‌ಗೆ, ಉರೂಸ್‌ಗೆ ಬಂದು ದುಆ ಮಾಡುವ ತಂಙಳರ ವಂಶಾವಳಿ ಹಿಂದಕ್ಕೆ ಹೋಗುತ್ತಾ ಈ ಬಿಳಿ ಗುಮ್ಮಟದ ಮೂಲಕ ಹಾದು ಹೋಗುತ್ತದೆ. ಸಂಬಂಧ ಎರಡೂ ಕಡೆಯಿಂದ ಉಂಟು. ಬ್ರಿಟಿಷರು 1852ರಲ್ಲಿ ಮಲಬಾರಿನಿಂದ ಹೊರಕಳಿಸಿದ ಮಂಬುರಂನ ಸಯ್ಯಿದ್ ಫಝಲ್ ತಂಙಳ್, 1870ರ ದಶಕದ ಕೊನೆಗೆ ಕೆಲವು ವರ್ಷ ಇದೇ ದೋಫಾರ್ ಪ್ರಾಂತ್ಯವನ್ನು ಆಳಿದ್ದರು. ಮಾಲಿಕ್ ದೀನಾರ್ ತಂಡದ ಕಥೆಯಲ್ಲಿ ಬರುವ ಚೇರಮಾನ್ ಪೆರುಮಾಳ್ ಅವರದ್ದೆಂದು ನಂಬುವ ಕಬರ್ ಕೂಡ ಸಲಾಲದಲ್ಲೇ ಉಂಟು. ಆ ಕಥೆಯ ಕಾಲದ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತ ಇಲ್ಲ. ಆದರೆ ಎರಡು ದಂಡೆಯ ಜನರೂ ಆ ಕಥೆಯನ್ನು ಇಷ್ಟು ಕಾಲ ಉಳಿಸಿಕೊಂಡು ಬಂದದ್ದು ಸಣ್ಣ ಮಾತಲ್ಲ.

ಹೋಗುವವರಿಗೆ ನಾಲ್ಕು ಮಾತು

ಕುಟುಂಬ ಸಮೇತ ಹೋಗುವುದಾದರೆ ಅಕ್ಟೋಬರ್‌ನಿಂದ ಮಾರ್ಚ್ ಒಳಗೆ ಕಡಲತೀರದಲ್ಲಿ ತಂಗುವುದು ಹಿತ. ಹಸಿರು ಬೆಟ್ಟ ನೋಡಬೇಕಾದರೆ ಜುಲೈ, ಆಗಸ್ಟ್. ಆಗ ಜನಜಂಗುಳಿ, ಬಾಡಿಗೆಯೂ ಏರುತ್ತದೆ. ವೀಸಾದ ವಿಷಯ ಟಿಕೆಟ್ ಮಾಡುವ ಮೊದಲೇ ವಿಚಾರಿಸಿಕೊಳ್ಳಿ. ತೋಟದ ಮನೆ ಹಿಡಿಯುವಾಗ ಅಡುಗೆ ಮನೆ, ಹೆಂಗಸರಿಗೆ ಬೇರೆ ಕೋಣೆ, ಹತ್ತಿರದ ಮಸೀದಿ, ಈ ಮೂರನ್ನು ಕೇಳಿ. ಸುತ್ತಾಡಲಿಕ್ಕೆ ಬಸ್ಸು ಸಾಲುವುದಿಲ್ಲ, ಕಾರು ಬೇಕು. ಹಳೆಯ ಜಾಗಗಳಲ್ಲಿ ನೆರಳು ಕಡಿಮೆ, ಬೆಳಿಗ್ಗೆಯೇ ಹೋಗಿ.

ಕುದುರೆಯ ವಿಷಯದಲ್ಲಿ ಮೊದಲು ಕುದುರೆಯನ್ನೇ ನೋಡಿ. ಬೆನ್ನಿನ ಮೇಲೆ ಜೀನು ಉಜ್ಜಿದ ಹುಣ್ಣು ಉಂಟಾ? ಪಕ್ಕೆಲುಬು ಎದ್ದು ಕಾಣುತ್ತದಾ? ಕುಂಟುತ್ತದಾ? ಹಾಗಿದ್ದರೆ ಹತ್ತಬೇಡಿ, ಬೇರೆ ಲಾಯ ಹುಡುಕಿ. ಒಳ್ಳೆಯ ಲಾಯದಲ್ಲಿ ನೆರಳು, ಶುದ್ಧ ನೀರು, ಕುದುರೆ ಮಸಾಲೆ ಹುಲ್ಲು ಕಣ್ಣಿಗೆ ಕಾಣುವಂತೆ ಇರುತ್ತದೆ. ಸವಾರಿ ಮುಗಿದ ಮೇಲೆ ಕಾಲಿನ ಉಪ್ಪು ನೀರನ್ನು ಸಿಹಿ ನೀರಿನಲ್ಲಿ ತೊಳೆಯುತ್ತಾರಾ ಎಂದು ಗಮನಿಸಿ. ಒಣ ಮರಳಿನಲ್ಲಿ ಓಡಿಸಿದರೆ ಕುದುರೆಯ ಕಾಲಿಗೆ ಪೆಟ್ಟು, ನೀರಿನಂಚಿನ ಗಟ್ಟಿ ಒದ್ದೆ ಮರಳೇ ಸರಿ. ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ. ಹೆಂಗಸರು ಉದ್ದ ನಿಲುವಂಗಿಯ ಒಳಗೆ ಸಡಿಲ ಪ್ಯಾಂಟು ಹಾಕಿಕೊಂಡರೆ ಮರೆಯೂ ಆಯಿತು, ರಿಕಾಪಿಗೆ ಬಟ್ಟೆ ಸಿಕ್ಕುವುದೂ ತಪ್ಪಿತು. ಕುದುರೆಯ ಹಿಂದೆ ಯಾರೂ ನಿಲ್ಲಬಾರದು. ಮೊದಲ ದಿನ ನಡಿಗೆ ಸಾಕು.

ಖರ್ಚಿನ ಮಾತು ಬಂದೇ ಬರುತ್ತದೆ. ಮದುವೆಯ ಒಂದು ಹೊತ್ತಿನ ಊಟಕ್ಕೆ ನಾವು ಸುರಿಯುವ ದುಡ್ಡಿನ ಒಂದು ಪಾಲು ಸಾಕು, ಮನೆಯವರು ನಾಲ್ಕು ದಿನ ಒಟ್ಟಿಗೆ ಇರಲಿಕ್ಕೆ. ಸಲಾಲವೇ ಆಗಬೇಕೆಂದೂ ಇಲ್ಲ. ಆದರೆ ಗಲ್ಫ್‌ನಲ್ಲಿ ಮಗನೋ ಅಳಿಯನೋ ಇದ್ದು, ಒಂದು ಸಲ ಹೋಗುವ ದಾರಿ ಇರುವವರು ಅದನ್ನು ಮುಂದಕ್ಕೆ ಹಾಕಬೇಡಿ. ಹೆತ್ತವರ ಮೊಣಕಾಲಿಗೆ ಶಕ್ತಿ ಇರುವಾಗ, ಮಕ್ಕಳು ಇನ್ನೂ ಕೈ ಹಿಡಿಯುವ ವಯಸ್ಸಿನಲ್ಲಿರುವಾಗ ಹೋಗಿ. ದುಡಿಯುತ್ತಿರುವ ಮನುಷ್ಯನ ಇಖಾಮ ಮುಗಿದ ಮೇಲೆ ಆ ಊರು ನಮಗೆ ಫೋಟೋದಲ್ಲಿ ಮಾತ್ರ.

ಭಾವ ಈಗ ಊರಿನಲ್ಲಿದ್ದಾರೆ, ಸಣ್ಣ ಕಿರಾಣಿ ಅಂಗಡಿಗೆ ಜಾಗ ನೋಡುತ್ತಿದ್ದಾರೆ. ಮದ್ರಸ ಬಿಟ್ಟ ಮೇಲೆ ಮಗಳನ್ನು ಕರೆದುಕೊಂಡು ಹೋಗಲಿಕ್ಕೆ ಅವರೇ ಬರುತ್ತಾರೆ. ದಾರಿಯಿಡೀ ಅವಳದ್ದೇ ಮಾತು.